ಮುಕಾಶ್ ಮಾವನ ಏಳು ತಲೆಮಾರು

ನನಗೆ ಅನುಮಾನ ಜಾಸ್ತಿ. ಅದನ್ನು ನಾನೇನೂ ಮುಚ್ಚಿಡುವುದಿಲ್ಲ. ಹಾಲು ತಂದುಕೊಟ್ಟವಳ ಎದುರಿಗೇ ಬೆರಳದ್ದಿ ನೋಡುವವಳು ನಾನು. ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ಅತ್ತೆ ತೊಡಿಸಿದ ಬೆಳ್ಳಿ ಬಳೆಯನ್ನು ಕಲ್ಲಿಗೆ ಉಜ್ಜಿ ನೋಡಿ ಚೆನ್ನಾಗಿ ಬೈಸಿಕೊಂಡಿದ್ದೆ. ಬಳೆ ಬೆಳ್ಳಿಯದೇ ಆಗಿತ್ತು. ಆದರೂ ನೋಡಿದ್ದರಲ್ಲಿ ತಪ್ಪೇನು ಎಂದು ಈಗಲೂ ಕೇಳುತ್ತೇನೆ.

ದೇಶದ ಹೆಸರನ್ನು ಇನ್ನೊಮ್ಮೆ ಬದಲಾಯಿಸಿದ್ದಾರೆ ಎಂದು ರೇಡಿಯೊ ಹೇಳಿದ ವಸಂತದಲ್ಲೂ ನನ್ನ ಬುದ್ಧಿ ಅಲ್ಲಿಗೇ ಹೋಯಿತು. ಸೋವಿಯತ್ ಕಾಲದ ಹೆಸರು ಹೋಗಿ ಇನ್ನೂ ಸರಿಯಾಗಿ ಎರಡೂವರೆ ವರ್ಷ ಆಗಿರಲಿಲ್ಲ. ಆ ಹೊಸ ಹೆಸರಿಗೆ ನಾಲಿಗೆ ಹೊರಳುವಷ್ಟರಲ್ಲಿ ಅದನ್ನೂ ತೆಗೆದು ಇನ್ನು ಮೇಲೆ ಕಿರ್ಗಿಜ್ ಗಣರಾಜ್ಯ ಎನ್ನಬೇಕು ಎಂದರು. ಹೆಸರು ಬದಲಾಯಿಸುತ್ತಾ ಹೋಗುವವರು ಏನನ್ನೋ ಮುಚ್ಚಿಡುತ್ತಿರುತ್ತಾರೆ ಎಂದು ನಾನು ಗೇಟಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದ ಮುಕಾಶ್ ಮಾವನಿಗೆ ಹೇಳಿದೆ. ಅವರು ನನ್ನ ಗಂಡನ ಕಡೆ ದೂರದ ದಾಯಾದಿ, ವರಸೆಯಲ್ಲಿ ನನಗೆ ಮಾವ. ಮೊದಲು ಸಾಮೂಹಿಕ ಫಾರ್ಮಿನ ಕುದುರೆಗಳನ್ನು ಕಾಯುತ್ತಿದ್ದವರು. ವಯಸ್ಸಾದ ಮೇಲೆ ಊರವರ ಜೀನು, ಲಗಾಮು ಹೊಲಿದುಕೊಡುತ್ತಿದ್ದರು. ಯುದ್ಧದಲ್ಲಿ ಎಡಗೈಯ ಎರಡು ಬೆರಳು ಕಳಕೊಂಡಿದ್ದರೂ ಹೊಲಿಗೆ ಗಟ್ಟಿ.

"ಇದಕ್ಕೆ ಹೆಸರಿಡೋದು ಯಾವತ್ತೂ ಮುಗಿಯೋ ಕೆಲ್ಸ ಅಲ್ಲಮ್ಮ" ಎಂದರು ಮಾವ, ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡು. "ನಾನು ಹುಟ್ಟಿದ ವರ್ಷ ಕರಾ-ಕಿರ್ಗಿಜ್ ಪ್ರಾಂತ ಅಂದ್ರು. ಕಪ್ಪು ಕಿರ್ಗಿಜರು ಅಂತ. ಮಾರನೇ ವರ್ಷ ಆ ಕಪ್ಪು ತೊಳೆದುಬಿಟ್ರು."

"ಕಪ್ಪು ಯಾಕಂತೆ? ನಮ್ಮ ಮೈ ಏನು ಮಸಿನಾ?"

"ಬರೀ ಕಿರ್ಗಿಜ್ ಅನ್ನೋ ಹೆಸರನ್ನ ರಷ್ಯದವರು ಆಗ್ಲೇ ಪಕ್ಕದ ಕಜಾಕರಿಗೆ ಕೊಟ್ಟುಬಿಟ್ಟಿದ್ರಲ್ಲ. ಕಜಾಕರ ಗಣರಾಜ್ಯಕ್ಕೇ ಕಿರ್ಗಿಜ್ ಅಂತ ಹೆಸರು. ಇನ್ನು ನಿಮಗೆ ಉಳಿದಿದ್ದು ಕಪ್ಪು."

"ಕಜಾಕರು ಸುಮ್ನಿದ್ರಾ? ಅವರಿಗೆ ಅವರ ಹೆಸರು ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಕೇಳಿದೋರು ಯಾರು?"

ಮಾವ ನಕ್ಕರು. ನಾನು ನಗಲಿಲ್ಲ. "ನಿಮಗೆ ಉಳಿದಿದ್ದು" ಎಂದರಲ್ಲ, "ನಮಗೆ" ಎನ್ನಲಿಲ್ಲವಲ್ಲ ಎಂದು ನನ್ನ ಕಿವಿ ನೆಟ್ಟಗಾಗಿತ್ತು. ಕುದುರೆ ಕಾಯುವವರಿಗೆ ಪಕ್ಕದವರ ಗಣರಾಜ್ಯದ ಹಳೇ ಹೆಸರು ಯಾಕೆ ಬೇಕಿತ್ತು? ಒಳಗೆ ಹೋಗಿ ಕುದುರೆ ಹಾಲಿನ ಕುಮಿಸ್ ಕಡೆಯುವಾಗಲೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು.

ನಿಜ ಹೇಳಬೇಕೆಂದರೆ ಅವರ ಮೇಲೆ ಅನುಮಾನ ನನ್ನೊಬ್ಬಳದೇ ಆಗಿರಲಿಲ್ಲ. ನಮ್ಮ ಅತ್ತೆ ಹೇಳುತ್ತಿದ್ದ ಕಥೆ ಇದು. ರಷ್ಯದ ದೊರೆ ತ್ಸಾರನ ಸೈನ್ಯಕ್ಕೆ ಹೆದರಿ ನಮ್ಮ ಊರಿಗೆ ಊರೇ ಹಿಮದ ಕಣಿವೆಗಳನ್ನು ದಾಟಿ ಚೀನಾ ಕಡೆಗೆ ಓಡಿಹೋದ ವರ್ಷ, ಕಲೀಚಾ ಎಂಬ ಹೊಸ ಮದುವಣಗಿತ್ತಿಯೂ ಗಂಡ ಎಸೆನಾಲಿಯ ಜೊತೆ ಹೋದಳು. ಬದುಕಿದವರು ಒಂದೆರಡು ವರ್ಷದಲ್ಲಿ ಹಿಂದೆ ಬಂದರು. ಅವರಿಬ್ಬರು ಬರಲಿಲ್ಲ. ಎಲ್ಲರೂ ಅವರನ್ನು ಮರೆತು, ಅವರ ಹೆಸರಿನಲ್ಲಿ, ಸತ್ತವರಿಗೆಂದು ಮಾಡುವ ಹಾಗೆ, ಹಿಟ್ಟಿನ ಬೋರ್ಸೋಕ್ ಕರಿದು ಹಂಚಿಯೂ ಆಗಿತ್ತು. ಹದಿನಾರು ವರ್ಷದ ಮೇಲೆ, ಕಜಾಕರ ಬಯಲಿನಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದ ಕಾಲದಲ್ಲಿ ಕಲೀಚಾ ಒಬ್ಬಳೇ ಕಜಾಕರ ಗಡಿಯ ಕರ್ಕಿರಾ ಕಣಿವೆಯ ಕಡೆಯಿಂದ ನಡೆದುಕೊಂಡು ಬಂದಳು. ಕೈಯಲ್ಲಿ ಎಂಟು ವರ್ಷದ ಹುಡುಗ. ಗಂಡ ಆಚೆಯೇ ಸತ್ತ, ಇವನು ಅವನ ಮಗ ಮುಕಾಶ್ ಎಂದಳು. ಊರ ಹಿರಿಯರು ಹುಡುಗನನ್ನು ನಿಲ್ಲಿಸಿ ಕೇಳಿದ್ದು ನಮ್ಮಲ್ಲಿ ಯಾರನ್ನಾದರೂ ಕೇಳುವುದನ್ನೇ: ನಿನ್ನ ಏಳು ತಲೆಮಾರಿನ ಅಜ್ಜಂದಿರು ಯಾರು ಹೇಳು. ಹುಡುಗ ಎಸೆನಾಲಿಯಿಂದ ಹಿಡಿದು ಏಳೂ ಹೆಸರು ಗಟಗಟನೆ ಹೇಳಿದ. ಒಂದೂ ತಪ್ಪಲಿಲ್ಲ. ಆದರೆ ಎರಡನೇ ಸಲ ಕೇಳಿದಾಗ ಹೆದರಿ ಅತ್ತನಂತೆ.

"ಸ್ವಂತ ಅಜ್ಜನ ಹೆಸರು ಹೇಳೋಕೆ ಯಾರಾದ್ರೂ ಹೆದರ್ತಾರಾ?" ಎನ್ನುತ್ತಿದ್ದರು ಅತ್ತೆ.

ಅವರು ಹೋದರು, ಅವರ ಅನುಮಾನ ನನಗೆ ಬಂತು. ನಾನು ಅದನ್ನು ಚೆನ್ನಾಗಿಯೇ ಸಾಕಿದೆ. ಊಟ ಮುಗಿದ ಮೇಲೆ ಮಾವ ನೆಲಕ್ಕೆ ಹಾಕಿದ ಊಟದ ಹಾಸಿನ ಮೇಲಿನ ರೊಟ್ಟಿಯ ಚೂರುಗಳನ್ನು ಬೆರಳಿಗೆ ಅಂಟಿಸಿಕೊಂಡು ತಿನ್ನುವುದನ್ನು ನೋಡಿದೆ. ಅದು ಎಲ್ಲ ಮುದುಕರೂ ಮಾಡುತ್ತಾರೆ. ಆದರೆ ಇವರು ಒಂದು ಚೂರನ್ನು ಜೇಬಿಗೂ ಹಾಕಿಕೊಳ್ಳುತ್ತಿದ್ದರು. ವರ್ಷಕ್ಕೊಮ್ಮೆ, ಹಿಮ ಕರಗಿ ದಾರಿ ಬಿಟ್ಟ ಕೂಡಲೇ, ಕುದುರೆ ಹತ್ತಿ ಕರ್ಕಿರಾ ಕಡೆಗೆ ಹೋಗುತ್ತಿದ್ದರು, ಒಬ್ಬರೇ. ಕೇಳಿದರೆ, "ಹುಲ್ಲು ಹೆಂಗಿದೆ ಅಂತ ನೋಡ್ಕೊಂಡು ಬಂದೆ" ಎನ್ನುತ್ತಿದ್ದರು. ನಮ್ಮ ಊರಿನ ಮೇಲೇ ಬೇಕಾದಷ್ಟು ಹುಲ್ಲಿರುವಾಗ ಅಷ್ಟು ದೂರದ ಹುಲ್ಲಿನ ಚಿಂತೆ ಯಾಕೆ? ಅಲ್ಲಿ ಇನ್ನೊಂದು ಸಂಸಾರ ಇದೆ ಎಂದು ಗಂಡಸರು ತಮಾಷೆ ಮಾಡುತ್ತಿದ್ದರು. ಅವರ ಹೆಂಡತಿ ತೊಕ್ತೋಬ್ಯು ಪಾಪದವಳು, ಆ ಮಾತು ಕೇಳಿ ನಗುತ್ತಿದ್ದಳು. ನಾನಾಗಿದ್ದರೆ ಹಿಂದೆಯೇ ಇನ್ನೊಂದು ಕುದುರೆ ಹತ್ತುತ್ತಿದ್ದೆ.

ತೊಕ್ತೋಬ್ಯು ಸತ್ತಳು. ಒಬ್ಬನೇ ಮಗ ಅಸಾನ್ ರಾಜಧಾನಿ ಬಿಷ್ಕೆಕಿನಲ್ಲಿ ಲಾರಿ ಓಡಿಸುತ್ತಿದ್ದವನು, ರಸ್ತೆ ಅಪಘಾತದಲ್ಲಿ ಹೋದ. ಮುಕಾಶ್ ಮಾವನಿಗೆ ಉಳಿದಿದ್ದು ಅಸಾನನ ಮಗಳು ಬುರುಲ್ ಒಬ್ಬಳೇ. ತಾಯಿಯ ಜೊತೆ ಬಿಷ್ಕೆಕಿನಲ್ಲಿ ಬೆಳೆದ ಹುಡುಗಿ, ನರ್ಸ್ ಕೆಲಸ ಕಲಿತವಳು, ಬೇಸಿಗೆಯಲ್ಲಿ ಮಾತ್ರ ಅಜ್ಜನ ಮನೆಗೆ ಬರುತ್ತಿದ್ದಳು. ಅವಳು ಬಂದ ದಿನ ಮಾವ ಗಡ್ಡ ಬಾಚಿಕೊಂಡು, ಬಿಳಿ ಟೋಪಿ ಹಾಕಿಕೊಂಡು, ಬಸ್ಸು ಬರುವ ಎಷ್ಟೋ ಹೊತ್ತು ಮುಂಚೆಯೇ ರಸ್ತೆಗೆ ಹೋಗಿ ನಿಲ್ಲುತ್ತಿದ್ದರು.

ಅದೇ ಬಿಷ್ಕೆಕಿನಲ್ಲಿ ನನ್ನ ಮಗ ಎಲ್ದಿಯಾರ್ ಓದುತ್ತಿದ್ದ. ದೇಶದ ಹೆಸರು ಬದಲಾದ ಆ ವರ್ಷವೇ ಇಬ್ಬರಿಗೂ ಮನಸ್ಸಾಯಿತು. ಮಗ ಬಂದು ಹೇಳಿದಾಗ ನಾನು ಕೇಳಿದ ಮೊದಲ ಮಾತೇ, "ತಲೆ ಎಣಿಸಿದ್ಯಾ?" ಎಂದು. ನಮ್ಮಲ್ಲಿ ಏಳು ತಲೆಮಾರಿನೊಳಗೆ ಇಬ್ಬರಿಗೂ ಒಬ್ಬನೇ ಅಜ್ಜ ಬಂದರೆ ಅವರು ಅಣ್ಣ ತಂಗಿ. ಮದುವೆಯ ಮಾತೇ ಇಲ್ಲ.

"ಎಣ್ಸಿದೀನಮ್ಮ. ಎಂಟು ಬಂತು" ಎಂದ.

ನಾನು ನಂಬಿದೆ. ಜೀವಮಾನದಲ್ಲಿ ನಾನು ತಕ್ಷಣ ನಂಬಿದ್ದು ಅದೊಂದೇ ಇರಬೇಕು, ಅದೂ ತಪ್ಪಾಯಿತು. ಮಗನ ಮುಖ ನೋಡಿ ನಂಬಿದ್ದೆ. ಆ ಹುಡುಗಿಯ ಕೈಕೆಲಸ, ನಡತೆ ನನಗೂ ಹಿಡಿಸಿತ್ತು. ಅವಳ ಕಿವಿಗೆ ಓಲೆ ತೊಡಿಸಿ ಸಂಬಂಧ ಗಟ್ಟಿ ಮಾಡಲು ದಿನ ಗೊತ್ತು ಮಾಡಿದೆವು. ಕುರಿ ಕಡಿದೆವು. ನನ್ನ ಗಂಡ ಹಿಂದೆಯೇ ತೀರಿಕೊಂಡಿದ್ದರಿಂದ ನಮ್ಮ ಕಡೆ ಹಿರಿಯರಾಗಿ, ಕುಲಕ್ಕೇ ಹಿರಿಯರಾದ ಶರ್ಶೆನ್ ಮಾವ ಬರಬೇಕಿತ್ತು.

ಶರ್ಶೆನ್ ಮಾವನ ಬಗ್ಗೆ ಒಂದು ಮಾತು. ಸೋವಿಯತ್ ಕಾಲದಲ್ಲಿ ಕುಲ, ತಲೆಮಾರು ಎಂದರೆ ಹಿಂದುಳಿದವರ ಮಾತು, ಮೆಲ್ಲಗೆ ಆಡಿಕೊಳ್ಳಬೇಕಿತ್ತು. ಸ್ವಾತಂತ್ರ್ಯ ಬಂದ ಮೇಲೆ ಗಾಳಿ ತಿರುಗಿತು. ಹೊಸ ಬಾವುಟದ ಸೂರ್ಯನಿಗೆ ನಲವತ್ತು ಕಿರಣ, ನಲವತ್ತು ಕುಲ ಸೇರಿಯೇ ಕಿರ್ಗಿಜ್ ಎಂದು ಶಾಲೆಯಲ್ಲಿ ಹೇಳಿಕೊಟ್ಟರು. ಆಗ ಶರ್ಶೆನ್ ಮಾವನಿಗೆ ಎಲ್ಲಿಲ್ಲದ ಬೆಲೆ ಬಂತು. ಅವರು ಎಸೆನಾಲಿಯ ತಮ್ಮನ ಮಗ, ಅಂದರೆ ಮುಕಾಶ್ ಮಾವನಿಗೆ ಚಿಕ್ಕಪ್ಪನ ಮಗ. ಯಾರ ಅಜ್ಜನ ಅಜ್ಜ ಯಾರ ಕುರಿ ಕದ್ದಿದ್ದ ಎಂಬುದನ್ನೂ ಬಿಡದೆ ಹೇಳುತ್ತಿದ್ದರು. ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡವರು ಅಲ್ಲಲ್ಲಿ ಸೇರಿಸಿಯೂ ಇರುತ್ತಾರೆ ಎಂದು ನನಗೆ ಅನುಮಾನವಿತ್ತು. ಬಾಯಿ ಬಿಡಲಿಲ್ಲ.

ಓಲೆ ತೊಡಿಸುವ ದಿನ ನಮ್ಮ ಮನೆಯ ಹಾಸಿನ ಸುತ್ತ ಎಲ್ಲರೂ ಕೂತರು. ಒಳಗೋಡೆಯ ಕಡೆ, ದೊಡ್ಡವರ ಜಾಗದಲ್ಲಿ, ಶರ್ಶೆನ್ ಮಾವನ ಪಕ್ಕ ಮುಕಾಶ್ ಮಾವ. ಮಾಂಸ ಬರುವ ಮೊದಲು ಶರ್ಶೆನ್ ಮಾವ ಸುಮ್ಮನೆ ಶಾಸ್ತ್ರಕ್ಕೆಂದು ಎರಡೂ ಕಡೆಯ ತಲೆ ಎಣಿಸತೊಡಗಿದರು. ಬೆರಳು ಮಡಚುತ್ತಾ ಹೋದರು. ಐದಕ್ಕೆ ಬಂದಾಗ ದನಿ ನಿಧಾನವಾಯಿತು. ಆರಕ್ಕೆ ನಿಂತರು.

"ತುರಪ್" ಎಂದರು. "ಇವನಿಗೂ ಆರನೇ ಅಜ್ಜ ತುರಪ್. ಅವಳಿಗೂ ಅಷ್ಟೇ. ಯಾರೋ ಇದು ಎಂಟು ಅಂದಿದ್ದು?"

ಎಲ್ದಿಯಾರನ ಮುಖ ಬಿಳುಚಿಕೊಂಡಿತು. ಅವನು ತನ್ನ ಏಳನ್ನೇ ತಪ್ಪಾಗಿ ಕಲಿತಿದ್ದ. ಇಬ್ಬರು ಅಜ್ಜಂದಿರ ಹೆಸರನ್ನೂ ಅಡ್ಡಹೆಸರನ್ನೂ ಬೇರೆ ಬೇರೆಯವರೆಂದುಕೊಂಡು ನಾಲ್ವರಾಗಿ ಎಣಿಸಿಬಿಟ್ಟಿದ್ದ. ಪಟ್ಟಣದ ಓದು.

"ಹಾಗಾದ್ರೆ ಓಲೆ ಒಳಗಿಡಿ" ಎಂದರು ಶರ್ಶೆನ್ ಮಾವ. "ಮಾಂಸ ತಿಂದು ಎದ್ದು ಹೋಗೋಣ. ಇದು ಇಲ್ಲಿಗೆ ಮುಗೀತು."

"ನಾವು ಬಿಷ್ಕೆಕಲ್ಲಿ ರಿಜಿಸ್ಟರ್ ಮಾಡ್ಕೋತೀವಿ" ಎಂದ ನನ್ನ ಮಗ.

"ಮಾಡ್ಕೋ. ಆಮೇಲೆ ಈ ಊರಿಗೆ ಕಾಲಿಡ್ಬೇಡ. ನಿನ್ನ ಮಕ್ಕಳಿಗೆ ಅಜ್ಜಂದಿರನ್ನ ಹೇಳಿಕೊಡೋಕೆ ಇಲ್ಲಿ ಯಾರೂ ಬಾಯಿ ಬಿಡಲ್ಲ."

ಬುರುಲ್ ಪರದೆಯ ಹಿಂದೆ ಕೂತಿದ್ದಳು. ಅವಳು ಅಳಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು. ಇರುವ ಒಬ್ಬ ಮಗ ಇವತ್ತು ಈ ಬಾಗಿಲು ದಾಟಿದರೆ ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಾಗಿಹೋಯಿತು. ಆಗ ಮುಕಾಶ್ ಮಾವ ಕೈಲಿದ್ದ ಚಹಾ ಬಟ್ಟಲನ್ನು ಕೆಳಗಿಟ್ಟರು.

"ಎಣ್ಸೋದು ಬೇಡ ಶರ್ಶೆನ್" ಎಂದರು. "ಬುರುಲ್ ತುರಪನ ವಂಶದೋಳಲ್ಲ. ನಾನು ಎಸೆನಾಲಿ ಮಗ ಅಲ್ಲ."

ಬಟ್ಟಲನ್ನು ಇನ್ನಷ್ಟು ದೂರ ಸರಿಸಿ ಅವರೇ ಮುಂದುವರಿಸಿದರು.

"ಕಲೀಚಾ ನನ್ನ ಹೆತ್ತಿಲ್ಲ. ನಾನು ಕಜಾಕ. ಹಸಿವಿಂದ ಓಡಿ ಬರ್ತಿದ್ದಾಗ ಕರ್ಕಿರಾ ದಾರೀಲಿ ಸಿಕ್ಕೆ ಅವಳಿಗೆ. ಓಡಿ ಬಂದೋರನ್ನ ವಾಪಸ್ ಅಟ್ತಿದ್ರು ಆಗ. ಅದಕ್ಕೆ ಬರೋ ದಾರಿಯುದ್ದಕ್ಕೂ ನಿಮ್ಮ ಏಳು ಜನರ ಹೆಸರು ಬಾಯಿಪಾಠ ಮಾಡಿಸಿದ್ಲು. ತಪ್ಪಿದ್ರೆ ಹಿಂದಕ್ಕೆ ಕಳಿಸ್ತಾರೆ ಕಣೋ ಅಂತಿದ್ಲು."

ಶರ್ಶೆನ್ ಮಾವ ಮಡಚಿದ್ದ ಬೆರಳುಗಳನ್ನು ಒಮ್ಮೆಲೇ ಬಿಡಿಸಿದರು. ಸಿಟ್ಟೋ ಏನೋ. "ಚೆನ್ನಾಗಿದೆ" ಎಂದರು. "ಅರವತ್ತು ವರ್ಷದಿಂದ ಇಲ್ಲದ್ದು ಇವತ್ತು ಎದ್ದು ಬಂತಾ? ಮೊಮ್ಮಗಳ ಮದುವೆ ನಿಂತುಹೋಗುತ್ತೆ ಅನ್ನೋ ಹೊತ್ತಿಗೆ ಸರಿಯಾಗಿ ನೀನು ಕಜಾಕ ಆದ್ಯಾ? ಆಗ ಸುಳ್ಳು ಹೇಳ್ದೆ ಅಂತೀಯ. ಈಗ ಹೇಳ್ತಿಲ್ಲ ಅಂತ ಹೆಂಗೆ ನಂಬೋದು?"

ಅದೇ ಪ್ರಶ್ನೆ ನನ್ನ ನಾಲಿಗೆಯ ತುದಿಯಲ್ಲೂ ಇತ್ತು. ಇಷ್ಟು ವರ್ಷ ಈ ಮನುಷ್ಯ ನಮ್ಮವರಲ್ಲ ಎಂದು ಅನುಮಾನಪಟ್ಟವಳು ನಾನು. ಈಗ ಅವರೇ ಅಲ್ಲ ಎಂದಾಗ ನಮ್ಮವರೇ ಇರಬೇಕು ಎಂಬ ಅನುಮಾನ ಶುರುವಾಯಿತು. ಮೊಮ್ಮಗಳಿಗಾಗಿ ಅಜ್ಜ ಯಾವ ಸುಳ್ಳು ಹೇಳುವುದಿಲ್ಲ? ನನಗೂ ಅದು ನಿಜವಾಗಲಿ ಎಂಬ ಆಸೆಯಿತ್ತು. ಬೇಕು ಎನಿಸಿದ್ದನ್ನು ನಂಬಿ ಒಂದು ಸಲ ಕೆಟ್ಟಿದ್ದೆ. ಅಣ್ಣ ತಂಗಿಯನ್ನು ಮದುವೆ ಮಾಡಿಸಿದ ಪಾಪ ನನ್ನ ಮೊಮ್ಮಕ್ಕಳ ತಲೆಗೆ ಬರುವುದು ಬೇಡ. ಹಾಸಿನ ಮೇಲಿದ್ದ ದುಂಡು ರೊಟ್ಟಿಯನ್ನು ಎತ್ತಿ ಅವರ ಮುಂದೆ ಇಟ್ಟೆ.

"ಮಾವ, ತಪ್ಪು ತಿಳ್ಕೋಬೇಡಿ. ರೊಟ್ಟಿ ಹಿಡ್ಕೊಂಡು ಆಣೆ ಮಾಡಿ ಹೇಳಿ. ಕಜಾಕರೂ ಏಳು ತಲೆಮಾರು ಕಲೀತಾರೆ. ನೀವು ಕಜಾಕರಾದ್ರೆ ನಿಮ್ಮ ಏಳು ಜನ ಯಾರು?"

ಮುಕಾಶ್ ಮಾವ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದರು. ಕಣ್ಣು ಮುಚ್ಚಿದರು. ನಮ್ಮ ಏಳು ಜನರ ಹೆಸರನ್ನು ಅವರು ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೆ, ಸಭೆಯಲ್ಲಿ ಪ್ರತಿಜ್ಞೆ ಓದುವವರ ಹಾಗೆ ಹೇಳುತ್ತಿದ್ದರು. ಇದು ಬೇರೆ ಥರ ಇತ್ತು. ಮೈಯನ್ನು ಹಿಂದೆ ಮುಂದೆ ತೂಗುತ್ತಾ, ಮಗ್ಗಿ ಹೇಳುವ ಮಕ್ಕಳ ಹಾಗೆ, ಒಂದೊಂದು ಹೆಸರಿಗೂ ಒಂದೊಂದು ಹೆಜ್ಜೆ ಹಾಕಿದಂತೆ ಹೇಳಿದರು.

"ನನ್ನಪ್ಪ ಸೆಯಿತ್. ಸೆಯಿತನಪ್ಪ ಬಾಯ್ಮುರಾತ್. ಬಾಯ್ಮುರಾತನಪ್ಪ ಕೊಶ್ಕಾರ್. ಕೊಶ್ಕಾರನಪ್ಪ ತಿಲೆಗೆನ್. ತಿಲೆಗೆನನಪ್ಪ ಅಲ್ದಾಬೆರ್ಗೆನ್."

ನಿಂತರು.

"ಆರನೆಯವನು?" ಎಂದರು ಶರ್ಶೆನ್ ಮಾವ.

"ಗೊತ್ತಿಲ್ಲ."

"ಏಳನೆಯವನು?"

"ಗೊತ್ತಿಲ್ಲ."

"ಕಜಾಕನಾಗಿ ಎಂಟು ವರ್ಷದವನಿಗೆ ಏಳು ಬರ್ತಿರ್ಲಿಲ್ವಾ?"

"ನನ್ನಪ್ಪ ಹೊಸಕಾಲದೋನು" ಎಂದರು ಮುಕಾಶ್ ಮಾವ, ಕಣ್ಣು ತೆರೆಯದೆ. "ಗ್ರಾಮ ಸಮಿತೀಲಿದ್ದ. ತಲೆಮಾರು, ಕುಲ ಎಲ್ಲಾ ಕೊಳೆತ ಕಾಲದ್ದು, ಹೊಸ ಮನುಷ್ಯನಿಗೆ ಬೇಡ ಅಂತಿದ್ದ. ನನಗೇನೂ ಕಲಿಸಿರ್ಲಿಲ್ಲ. ಆಮೇಲೆ ಸರ್ಕಾರದೋರು ದನ ಕುರಿ ಎಲ್ಲಾ ಲೆಕ್ಕ ಬರೆದು ಹೊಡ್ಕೊಂಡು ಹೋದ್ರು. ಅಮ್ಮ, ಪಾಪು ಹಸಿವಿಂದ ಮನೇಲೇ ಸತ್ರು. ನಾವಿಬ್ರೇ ಹೊರಟ್ವಿ. ದಾರೀಲಿ ಅಪ್ಪನಿಗೆ ಏನನ್ನಿಸ್ತೋ, ಕಲಿಸೋಕೆ ಶುರು ಮಾಡ್ದ. ದಿನಕ್ಕೆ ಒಬ್ಬರು. ಹಿಂದಿನ ದಿನದ್ದು ತಪ್ಪಿಲ್ದೆ ಹೇಳಿದ್ರೆ ಹೊಸಬರೊಬ್ಬರ ಹೆಸರು, ಅವರ ಕಥೆ. ಐದು ದಿನ ನಡೆದ್ವಿ. ಆರನೇ ದಿನ ಬೆಳಿಗ್ಗೆ ಅವನು ಏಳಲಿಲ್ಲ."

ರೊಟ್ಟಿಯ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಆಮೇಲೆ ಅವರೇ ಹೇಳಿದರು, "ಕರ್ಕಿರಾದಲ್ಲಿ ಅವನಿದ್ದಾನೆ. ವರ್ಷಾ ವರ್ಷಾ ಒಂದು ಚೂರು ರೊಟ್ಟಿ ಇಟ್ಟು ಬರ್ತೀನಿ. ಗುರುತಿಲ್ಲ, ಅಂದಾಜಿನ ಮೇಲೆ ಇಡ್ತೀನಿ."

ಆದರೂ ಕೇಳಿದೆ, ಕೇಳದೆ ಬಿಡುವವಳಲ್ಲ ನಾನು. "ಇನ್ನೆರಡು ಹೆಸರು ಸೇರಿಸಿ ಏಳು ಅಂತ ಹೇಳಿಬಿಡಬೋದಿತ್ತಲ್ಲ ಮಾವ. ಯಾರಿಗೆ ಗೊತ್ತಾಗ್ತಿತ್ತು? ಕಜಾಕರ ಊರಿಗೆ ಹೋಗಿ ಯಾರು ವಿಚಾರಿಸ್ತಿದ್ರು?"

"ಕಟ್ಟಬೋದಿತ್ತಮ್ಮ. ಎಷ್ಟೋ ಸಲ ಮನಸ್ಸಲ್ಲೇ ಕಟ್ಟಿ ನೋಡಿದ್ದೀನಿ. ಆದ್ರೆ ಆ ಐದು ಜನ ನಿಜವಾಗ್ಲೂ ಇದ್ದೋರು. ಅವರ ಪಕ್ಕದಲ್ಲಿ ಇಲ್ಲದೋರನ್ನ ತಂದು ಹೆಂಗೆ ಕೂರಿಸ್ಲಿ?"

ಸುಳ್ಳು ಹೇಳುವವರು ಏಳನ್ನೂ ಪೂರ್ತಿ ಮಾಡಿಕೊಂಡೇ ಬರುತ್ತಾರೆ. ಎರಡು ಕಡಿಮೆ ಇಟ್ಟುಕೊಂಡು ಸುಳ್ಳು ಹೇಳಲು ಬರುವವರನ್ನು ನಾನು ಕಂಡಿಲ್ಲ. ನಮ್ಮಲ್ಲಿ ಏಳು ಹೇಳಲು ಬಾರದವನನ್ನು ದಿಕ್ಕಿಲ್ಲದವನು, ಯಾರದೋ ಮನೆಯ ಆಳು ಎನ್ನುತ್ತಾರೆ. ಅದು ಗೊತ್ತಿದ್ದೂ, ಊರ ಹಿರಿಯರ ಎದುರಿಗೆ, ಅರವತ್ತೊಂಬತ್ತನೇ ವಯಸ್ಸಿನಲ್ಲಿ ಅವರು ಬಾಯಿಪಾಠದ ಏಳನ್ನು ಬಿಟ್ಟು ತಮ್ಮ ಐದನ್ನು ಹಿಡಿದುಕೊಂಡಿದ್ದರು. ನಾನು ನಂಬಿದೆ. ಈ ಸಲ ಮುಖ ನೋಡಿ ನಂಬಿದ್ದಲ್ಲ.

ಶರ್ಶೆನ್ ಮಾವ ಹಾಸಿನ ಅಂಚನ್ನು ಎರಡು ಸಲ ಮಡಚಿ ಬಿಚ್ಚಿದರು. "ಅಂದ್ರೆ ನೀನು ಕಿರ್ಗಿಜನೂ ಅಲ್ಲ" ಎಂದರು ಕೊನೆಗೆ.

"ನಾನು ಹುಟ್ಟಿದಾಗ ನಮ್ಮ ಕಡೆಯೋರಿಗೇ ಕಿರ್ಗಿಜ್ ಅಂತ ಹೆಸರಿತ್ತು. ನಿಮ್ಮನ್ನ ಕರಾ ಅಂತಿದ್ರು. ಕಾಗದದ ಲೆಕ್ಕದಲ್ಲಿ ನಾನೇ ಮೊದಲ್ನೇ ಕಿರ್ಗಿಜ್."

ಯಾರೋ ಕಿಸಕ್ಕೆಂದರು. ಶರ್ಶೆನ್ ಮಾವ ನಗಲಿಲ್ಲ. "ನಮ್ಮ ಗೋರಿಗಳ ಸಾಲಲ್ಲಿ ನಿನಗೆ ಜಾಗ ಇರಲ್ಲ, ಮುಕಾಶ್. ಅಲ್ಲಿ ತುರಪನ ವಂಶದೋರು ಮಾತ್ರ. ಅದು ಗೊತ್ತಲ್ಲ ನಿನಗೆ?"

"ಗೊತ್ತು. ಗೊತ್ತಿದ್ದೇ ಹೇಳ್ದೆ."

ಅದನ್ನು ಅವರು ಸಾದಾ ದನಿಯಲ್ಲೇ ಹೇಳಿದರು. ಆದರೆ ಕಲೀಚಾ ಅದೇ ಸಾಲಿನಲ್ಲಿ ಮಲಗಿದ್ದಳು. ಅವಳ ಗೋರಿಗೆ ಪ್ರತಿ ಶರತ್ಕಾಲ ಮಣ್ಣು ಮೆತ್ತುತ್ತಿದ್ದವರು ಇವರೇ. ಈ ಮದುವೆಗೆ ಅವರು ಕೊಟ್ಟಿದ್ದು ಏನೆಂದು ನನಗೆ ಆಗ ಅರ್ಥವಾಯಿತು.

ಮಾವ ರೊಟ್ಟಿಯನ್ನು ಹಾಸಿನ ಮೇಲಿಟ್ಟು ಎದ್ದರು. ದೊಡ್ಡವರ ಜಾಗ ಬಿಟ್ಟು, ಎಲ್ಲರ ಹಿಂದಿನಿಂದ ಬಳಸಿಕೊಂಡು ಬಂದು, ಚಪ್ಪಲಿ ಬಿಡುವ ಬಾಗಿಲ ಬಳಿ ಕೂರಲು ಹೋದರು.

"ಮಾವ, ಅಲ್ಲೆಲ್ಲಿಗೆ ಹೊರಟ್ರಿ?" ಎಂದೆ. "ನೀವೀಗ ಹುಡುಗಿ ಕಡೆ ಬೀಗರು. ಬೀಗರನ್ನ ಬಾಗಿಲಲ್ಲಿ ಕೂರಿಸಿದ್ರೆ ಊರಲ್ಲಿ ನನ್ನ ಮರ್ಯಾದೆ ಏನಾಗ್ಬೇಕು? ಬನ್ನಿ, ಮೇಲೆ ಕೂತ್ಕೊಳ್ಳಿ."

ಅವರು ಶರ್ಶೆನ್ ಮಾವನ ಕಡೆ ನೋಡಿದರು. ಶರ್ಶೆನ್ ಮಾವ ಸ್ವಲ್ಪ ಸರಿದು ಕೂತರು. ನಾನು ಪರದೆ ಸರಿಸಿ ಬುರುಲಳ ಕಿವಿಗೆ ಓಲೆ ತೊಡಿಸಿದೆ. ಒಂದು ಓಲೆಯ ಕೊಕ್ಕೆ ಎರಡು ಸಲ ಜಾರಿತು. ಆಮೇಲೆ ಅವಳು ಅತ್ತಳು, ಜೋರಾಗಿಯೇ.

ಮದುವೆ ಆಯಿತು. ಆದರೆ ಶರ್ಶೆನ್ ಮಾವ ಅವತ್ತಿನಿಂದ ಮುಕಾಶ್ ಮಾವನ ಜೊತೆ ಮಾತು ಬಿಟ್ಟರು. ಎದುರಿಗೆ ಬಂದರೆ ಟೋಪಿ ಮುಟ್ಟುತ್ತಿದ್ದರು ಅಷ್ಟೇ. ಅರವತ್ತು ವರ್ಷ ದೊಡ್ಡಪ್ಪನ ಮಗ ಎಂದುಕೊಂಡವನು ಯಾರೋ ಆಗಿಬಿಟ್ಟರೆ ಮನುಷ್ಯನಿಗೆ ಹೇಗಾಗುತ್ತದೆ ಎಂದು ನಾನು ಯೋಚಿಸಲು ಹೋಗಲಿಲ್ಲ. ಮುದುಕನಿಗೆ ಸೊಕ್ಕು ಎಂದುಕೊಂಡೆ. ಊರಿನವರು ಕೆಲವರು ಜೀನು ಹೊಲಿಸಲು ಬರುವುದನ್ನೂ ನಿಲ್ಲಿಸಿದರು. ಅದರ ಹಿಂದೆ ಶರ್ಶೆನ್ ಮಾವನ ಕೈ ಇದೆ ಎಂದು ನನಗೆ ಗಟ್ಟಿ ಅನುಮಾನ. ಮುಕಾಶ್ ಮಾವ ಮಾತ್ರ ಗೊಣಗಲಿಲ್ಲ. ಬೆಂಚಿನ ಮೇಲೆ ಬಿಸಿಲಿಗೆ ಕೂತಿರುತ್ತಿದ್ದರು. ಈಗ ಕರ್ಕಿರಾಕ್ಕೆ ಹೋಗುವಾಗ ಎಲ್ಲಿಗೆ ಎಂದು ಹೇಳಿಯೇ ಹೋಗುತ್ತಿದ್ದರು.

ಮೂರನೆಯ ವಸಂತದಲ್ಲಿ, ದಾರಿ ಬಿಡುವ ಮೊದಲೇ, ಅವರು ತೀರಿಕೊಂಡರು. ಪದ್ಧತಿಯಂತೆ ಮನೆಯ ಮುಂದೆ ಕಂಬಳಿಯ ಗುಡಾರ ಎಬ್ಬಿಸಿದೆವು. ಹೆಂಗಸರು ಒಳಗೆ ಕೂತು ಅತ್ತೆವು. ಗಂಡಸರು ಹೊರಗೆ. ನಮ್ಮಲ್ಲಿ ಹೂಳುವ ಹೊತ್ತಿಗೆ ಹೆಂಗಸರು ಗೋರಿಗಳ ಕಡೆ ಹೋಗುವಂತಿಲ್ಲ. ಗುದ್ದಲಿ ಹೊತ್ತ ಗಂಡಸರ ಮುಂದೆ ಶರ್ಶೆನ್ ಮಾವ ಹೋಗುವುದನ್ನು ಗುಡಾರದ ಸಂದಿಯಿಂದ ಕಂಡೆ. ಬುರುಲಳ ಬೆನ್ನು ಸವರುತ್ತಿದ್ದೆ, ನನ್ನ ತಲೆಯೆಲ್ಲ ಅಲ್ಲಿತ್ತು. ಬೇಲಿಯ ಹೊರಗೆ, ಪರವೂರಿನವರನ್ನು ಹೂಳುವ ಹಳ್ಳದ ಬದಿಯಲ್ಲಿ ಅಗೆಸುತ್ತಾರೆ ಈ ಮುದುಕ, ಬಿಡುವುದಿಲ್ಲ. ಎಲ್ದಿಯಾರ್ ವಾಪಸು ಬಂದಾಗ ಎಲ್ಲಿ ಎಂದು ಕೇಳಿದೆ. "ಮೇಲೆ" ಎಂದ. ಅಷ್ಟು ಹೇಳಿ ಬಂದವರಿಗೆ ನೀರು ಕೊಡಲು ಹೋದ. ಮೇಲೆ ಎಂದರೆ ಎಲ್ಲಿ ಬೇಕಾದರೂ ಆಗಬಹುದು.

ಏಳನೇ ದಿನದ ಬೋರ್ಸೋಕ್ ಕರಿದು ಹಂಚಿದ ಮೇಲೆ ನಾನೇ ಹೊರಟೆ. ಜಗಳಕ್ಕೆ ಸಿದ್ಧವಾಗಿಯೇ ಹೊರಟಿದ್ದೆ. ದಾರಿಯುದ್ದಕ್ಕೂ ಶರ್ಶೆನ್ ಮಾವನಿಗೆ ಏನೇನು ಅನ್ನಬೇಕು ಎಂದು ಬಾಯಲ್ಲೇ ಜೋಡಿಸಿಕೊಂಡು ಹೋದೆ. ಬೇಲಿಯ ಹೊರಗೆ ಹಳ್ಳದ ಬದಿಯಲ್ಲಿ ಹೊಸ ಮಣ್ಣಿರಲಿಲ್ಲ. ಒಳಗೆ ಹೋದೆ. ಹೊಸ ಗೋರಿ ಕಲೀಚಾಳ ಪಕ್ಕದಲ್ಲೇ ಇತ್ತು, ಎಡಗಡೆ. ಶರ್ಶೆನ್ ಮಾವ ತಮಗೆಂದು ವರ್ಷಗಳ ಹಿಂದೆಯೇ ಕಲ್ಲು ಸುತ್ತಿ ಇಟ್ಟುಕೊಂಡಿದ್ದ ಜಾಗ ಅದು. ಊರಿಗೆಲ್ಲ ಗೊತ್ತಿದ್ದ ಜಾಗ. ಆ ಕಲ್ಲುಗಳನ್ನು ಕಿತ್ತು ಒಂದು ಬದಿಗೆ ರಾಶಿ ಹಾಕಿದ್ದರು. ಶರ್ಶೆನ್ ಮಾವ ಅಲ್ಲೇ ಕೂತು ಗೋರಿಯ ಮೇಲಿನ ಮಣ್ಣನ್ನು ಅಂಗೈಯಿಂದ ತಟ್ಟುತ್ತಿದ್ದರು.

ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಬಾಯಲ್ಲೇ ಉಳಿಯಿತು. "ಇದು ನಿಮ್ಮ ಜಾಗ ಅಲ್ವಾ ಮಾವ?" ಎಂದೆ. "ನಾಳೆ ನೀವೆಲ್ಲಿಗೆ ಹೋಗ್ತೀರಿ?"

ಅವರು ಮಣ್ಣು ತಟ್ಟುತ್ತಲೇ ಇದ್ದರು.

"ನನಗೇನಮ್ಮ" ಎಂದರು. "ಏಳೂ ಜನ ಅಜ್ಜಂದಿರು ಗೊತ್ತಿರೋರು. ಎಲ್ಲಿ ಮಲಗಿದ್ರೂ ಹುಡುಕ್ಕೊಂಡು ಬರ್ತಾರೆ. ಇವನಿಗೆ ಇಲ್ಲಿ ಹಿರೀಕರು ಅಂತ ಗೊತ್ತಿರೋಳು ಇವಳೊಬ್ಬಳೇ."